ಪರದೆಯ ಪಕ್ಕದ ಲಿಸಿಯಾಟೆ

ಲಿಸಿಯಾಟೆ ತೀರಿಕೊಂಡ. ಟೊಂಗಾ ದ್ವೀಪಗಳ ನೆಯಾಫು ಊರಿನಲ್ಲಿ ಈಗ ಚಿತ್ರಗಳು ತಮ್ಮ ಪಾಡಿಗೆ ತಾವೇ ಮಾತಾಡಿಕೊಳ್ಳುತ್ತವೆ. ಕೇಳುವವರಿಗೆ ಅಂಥ ಗಮ್ಮತ್ತೇನೂ ಇಲ್ಲ.

ಮೂವತ್ತು ವರ್ಷ ಅವನು ಬಂದರಿನ ಚಿತ್ರಮಂದಿರದಲ್ಲಿ ಪರದೆಯ ಪಕ್ಕ ನಿಂತು, ಬಿಳಿಯರು ಆಡಿದ್ದನ್ನು ಟೊಂಗಾ ಮಾತಿನಲ್ಲಿ ಹೇಳಿದ. ದೊಡ್ಡ ಚಿತ್ರದ ಮೇಲೆ ಅವನಿಗೆ ಅಷ್ಟು ಪ್ರೀತಿಯಿರಲಿಲ್ಲ. ಅದಕ್ಕೂ ಮೊದಲು ತೋರಿಸುತ್ತಿದ್ದ ಹತ್ತು ನಿಮಿಷದ ಕಿರುಚಿತ್ರಗಳೆಂದರೆ ಪ್ರಾಣ. ಮೊದಮೊದಲು ಬಂದವು ಮೂಕ ನಗೆಚಿತ್ರಗಳು. ಬಾಯಿಗೆ ಬಂದದ್ದು ಹೇಳಬಹುದಿತ್ತು. ಆಮೇಲೆ ಅವುಗಳಿಗೆ ಮಾತು ಬಂತು. ಲಿಸಿಯಾಟೆ ಇನ್ನೂ ಜೋರಾಗಿ ಮಾತಾಡಿದ. ಯುದ್ಧದ ಕಾಲಕ್ಕೆ ಸುದ್ದಿಚಿತ್ರ, ಅದು ಮುಗಿದ ಮೇಲೆ ನೊಣ ಓಡಿಸುವುದು ಹೇಗೆ, ಹಲ್ಲುಜ್ಜುವುದು ಹೇಗೆ ಎಂಬ ಸರಕಾರದ ಉಪದೇಶ. ನೊಣಕ್ಕೊಬ್ಬ ಅತ್ತೆಯನ್ನು ಗಂಟುಹಾಕಿ, ಅವರಿಬ್ಬರ ಜಗಳದಲ್ಲಿ ಜನ ಬೆಂಚಿನಿಂದ ಬೀಳುವಂತೆ ಮಾಡಿದ್ದ. ಇಂಗ್ಲಿಷ್ ಅವನಿಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೇ.

ಒಂದು ವರ್ಷ ಸರಕಾರದ ಬೋಟಿನಲ್ಲಿ ಕ್ಯಾಮೆರಾದವರು ಬಂದು, ನಮ್ಮವರು ಕೊಬ್ಬರಿ ಮಾಡುವುದನ್ನು ಚಿತ್ರ ಹಿಡಿದುಕೊಂಡು ಹೋದರು. ಅದು ತಯಾರಾಗಿ ಬರುವಷ್ಟರಲ್ಲಿ, ಅದರಲ್ಲಿ ಕಾಯಿ ಸುಲಿಯುತ್ತ ಕೂತಿದ್ದ ಕೆಪು, ಲಿಸಿಯಾಟೆಯ ಜೀವದ ಗೆಳೆಯ, ಸತ್ತುಹೋಗಿದ್ದ.

ಕೆಪುವಿನ ಅಕ್ಕ ಮೆಲೆನೈಟೆ ಎಂದೂ ಆ ಚಿತ್ರಮಂದಿರದ ಮೆಟ್ಟಿಲು ಹತ್ತಿದವಳಲ್ಲ. ನಮ್ಮಲ್ಲಿ ಅಕ್ಕ ತಮ್ಮ ಒಂದೇ ಕತ್ತಲಲ್ಲಿ ಕೂತು ಚಿತ್ರ ನೋಡುವಂತಿಲ್ಲ. ಅಕ್ಕ ಒಳಗೆ ಬಂದರೆ ತಮ್ಮ ಎದ್ದು ಹೋಗಬೇಕು. ಕೆಪುಗೆ ಚಿತ್ರದ ಹುಚ್ಚು. ಅದಕ್ಕೇ ಅವಳು ಬರುತ್ತಿರಲಿಲ್ಲ. ಈಗ ಮೊದಲ ಸಲ ಬಂದಳು, ನಮ್ಮ ಪದ್ಧತಿಯಂತೆ ಸೊಂಟಕ್ಕೆ ಸೂತಕದ ಚಾಪೆ ಸುತ್ತಿಕೊಂಡು.

ಬಾಗಿಲಲ್ಲೇ ಲಿಸಿಯಾಟೆಯನ್ನು ತಡೆದು, "ನಮ್ಮ ಕೆಪು ಅದರಲ್ಲಿ ಏನೋ ಮಾತಾಡ್ತಾನಂತೆ. ಅವನು ಅಂದದ್ದನ್ನೇ ಹೇಳು. ನೊಣದ ಅತ್ತೆ ಗಿತ್ತೆ ಬೇಡ," ಎಂದಳು.

ಚಿತ್ರ ಹಿಡಿದ ದಿನ ಲಿಸಿಯಾಟೆ ಕೆಪುವಿನ ಪಕ್ಕದಲ್ಲೇ ಕೂತಿದ್ದ; ಚಿತ್ರದ ಅಂಚಿನಲ್ಲಿ ಕಾಣುವ ಮೊಣಕೈ ಅವನದೇ. ಅಂದು ಕೆಪು ಹೇಳುತ್ತಿದ್ದದ್ದು ಪೋಲಿ ಕತೆ. ಅಕ್ಕನ ಕಿವಿಗೆ ಬಿಡಿ, ಅಕ್ಕನ ಮನೆಯ ನಾಯಿಯ ಕಿವಿಗೂ ಬೀಳಬಾರದಂಥದ್ದು. ಹೇಳಿದರೆ ಸತ್ತ ಗೆಳೆಯನ ಮಾನ ಹೋಗುತ್ತದೆ. ಬೇರೆ ಹೆಣೆದರೆ ಅವಳಿಗೆ ಮೋಸ.

ಚಿತ್ರ ಶುರುವಾಯಿತು. ಯಾರೋ ಬಿಳಿಯನ ದನಿ ಕೊಬ್ಬರಿಯ ಗುಣಗಾನ ಮಾಡುತ್ತಿತ್ತು. ಕೆಪುವಿನ ತುಟಿಗಳು ಮಾತ್ರ ಆಡುತ್ತಿದ್ದವು. ಕೆಪು ಬಾಯಿ ತೆರೆದ. ಲಿಸಿಯಾಟೆಗೆ ಕೆಮ್ಮು ಬಂತು. ಕೆಪು ಕೈ ಅಗಲಿಸಿ ಏನನ್ನೋ ಅಳೆದು ತೋರಿಸಿದ, ಕೆಮ್ಮು ಜೋರಾಯಿತು. ಪರದೆಯ ಮೇಲಿನ ಗಂಡಸರು ಬಿದ್ದು ಬಿದ್ದು ನಕ್ಕಾಗ ಲಿಸಿಯಾಟೆ ಕಂಬ ಹಿಡಿದು ಕೆಮ್ಮುತ್ತಿದ್ದ. ಹಿಂದಿನ ಬೆಂಚಿನ ಗಂಡಸರಿಗೆ ಅರ್ಥವಾಗಿಹೋಯಿತು, ಮುಖ ಮುಚ್ಚಿಕೊಂಡರು.

ಅಷ್ಟರಲ್ಲಿ ಪರದೆಯ ಮೇಲೆ ಕೆಪು ಕತ್ತು ತಿರುಗಿಸಿದ, ಬೆನ್ನು ನೆಟ್ಟಗೆ ಮಾಡಿದ, ಏನೋ ಅಂದ. ಎಲ್ಲರೂ ತಟ್ಟನೆ ತಲೆ ತಗ್ಗಿಸಿ ಸಂತರ ಹಾಗೆ ಕಾಯಿ ಸುಲಿಯತೊಡಗಿದರು. ಲಿಸಿಯಾಟೆಯ ಕೆಮ್ಮು ನಿಂತಿತು. ಕೆಪುವಿನದೇ ದನಿ ತೆಗೆದು ಹೇಳಿದ: "ಬಾಯಿ ಮುಚ್ರೋ, ಅಕ್ಕ ಬರ್ತಿದಾಳೆ."

ಚಿತ್ರ ಹಿಡಿದ ದಿನ ಆ ದಾರಿಯಲ್ಲಿ ಹಾದುಹೋಗಿದ್ದವಳು ಮೆಲೆನೈಟೆಯೇ.

ಮಂದಿರಕ್ಕೆ ಮಂದಿರವೇ ನಕ್ಕಿತು. ಎಲ್ಲರ ನಗುವಿಗಿಂತ ಅವಳದೇ ದೊಡ್ಡದು. ಕಣ್ಣೊರೆಸಿಕೊಂಡು, "ಗೊತ್ತು ಬಿಡೋ. ನಾನು ಹೋದಲ್ಲೆಲ್ಲ ಗಂಡಸರು ಬರೀ ಕೊಬ್ಬರಿ ರೇಟೇ ಮಾತಾಡ್ತಿದ್ರು. ಇನ್ನೊಂದ್ಸಲ ಹಾಕ್ಸು," ಎಂದಳು.

ಹಾಕಿಸಿದ. ದೊಡ್ಡ ಚಿತ್ರ ತಡವಾಯಿತೆಂದು ಯಾರೂ ಗೊಣಗಲಿಲ್ಲ. ಎರಡನೆಯ ಸಲ ಕೆಪು ಬಾಯಿ ತೆರೆದಾಗ ಬೆಂಚು ಬೆಂಚೆಲ್ಲ ಕೆಮ್ಮಿತು.

ಲಿಸಿಯಾಟೆಯನ್ನು ಮಣ್ಣು ಮಾಡಿದ ದಿನ ಪಾದ್ರಿಗಳು ಅವನ ಶುದ್ಧ ನಾಲಿಗೆಯನ್ನು ಹೊಗಳಿದರು. ಹಿಂದೆ ನಿಂತಿದ್ದ ಮುದುಕನೊಬ್ಬನಿಗೆ ಕೆಮ್ಮು ಬಂತು. ಆಮೇಲೆ ಎಲ್ಲರಿಗೂ.