ಹಿಂಡಿಗೆ ಉಪ್ಪು ಹಾಕುವ ಕೈ

ಪುಣೆಯ ಕೊಂಢ್ವಾದಲ್ಲಿರುವ ನಮ್ಮ ಮನೆಯಲ್ಲಿ ಮಿಕ್ಸರ್ ಇಲ್ಲವೆಂದು ಯಾರೂ ತಿಳಿಯಬೇಡಿ. ಮೂರು ಜಾರುಗಳ ಒಳ್ಳೆಯ ಮಿಕ್ಸರೇ ಇದೆ. ದಿನಾ ಬೆಳಿಗ್ಗೆ ಗರ್ ಗರ್ ಎಂದು ಮಹಡಿಯನ್ನೆಲ್ಲ ಎಬ್ಬಿಸುತ್ತದೆ. ಆದರೆ ಹಿಂಡಿ ಮಾಡುವ ದಿನ ಅದನ್ನು ಮೂಲೆಗೆ ತಳ್ಳಿ, ಅಟ್ಟದಿಂದ ಕಬ್ಬಿಣದ ಕೈಮಶೀನು ಇಳಿಸುತ್ತೇವೆ. ಹಣ್ಣು ಮೆಣಸಿನಕಾಯಿಯ ಕೆಂಪು ಚಟ್ನಿಗೆ ನಮ್ಮ ವಿಜಾಪುರದ ಕಡೆ ಹಿಂಡಿ ಅನ್ನುತ್ತಾರೆ. ಮಶೀನನ್ನು ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು, ಮೇಲಿನ ಬಾಯಿಗೆ ಕಾಯಿ ತುಂಬಿ, ಪಕ್ಕದ ಹಿಡಿಕೆ ತಿರುವಿದರೆ, ತೂತಿನ ಬಿಲ್ಲೆಯಿಂದ ತರಿತರಿಯಾಗಿ ಕೆಳಗಿಟ್ಟ ಅಗಲ ತಟ್ಟೆಗೆ, ನಮ್ಮ ಪರಾತಕ್ಕೆ, ಬೀಳುತ್ತದೆ. ಮಿಕ್ಸರಿನಲ್ಲಿ ಮಾಡಿದ್ದು ಬಿಸಿಯಾಗಿ, ಬೀಜವೆಲ್ಲ ಪುಡಿಯಾಗಿ, ರುಚಿ ಕೆಡುತ್ತದೆ. ವಾದಕ್ಕೆ ಬಂದವರಿಗೆ ಎರಡನ್ನೂ ಬಡಿಸಿ ಬಾಯಿ ಮುಚ್ಚಿಸಿದ್ದೇನೆ.

ಈ ಮಶೀನು ನಮ್ಮ ಅತ್ತೆಯ ಸಂಪಾದನೆ. ಅವರು ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ, ಜೂನಾ ಬಜಾರಿನಲ್ಲಿ ನೆಲದ ಮೇಲೆ ಹರವಿದ್ದ ಹಳೆಯ ಸಾಮಾನುಗಳ ನಡುವೆ ಸಿಕ್ಕಿದ್ದಂತೆ. ಮನೆಗೆ ತಂದಮೇಲೆ ಯಾರೋ ಇದು ಮಾಂಸ ಅರೆದು ಖೀಮಾ ಮಾಡುವ ಮಶೀನು ಅಂದರಂತೆ. ಅತ್ತೆ ಎದೆಗುಂದುವ ಪೈಕಿ ಅಲ್ಲ. ಕುದಿಯುವ ನೀರು, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ಮೂರು ದಿನ ತಿಕ್ಕಿ, ಅದಕ್ಕೆ ಮೆಣಸಿನಕಾಯಿಯ ದೀಕ್ಷೆ ಕೊಟ್ಟರು. ಅವರಿಗೀಗ ಎಪ್ಪತ್ತಾರು, ಮಶೀನು ಅವರಿಗಿಂತ ಹಿರಿಯದಿರಬೇಕು.

ಅತ್ತೆಯ ಕಾನೂನುಗಳು ಕಡಿಮೆ, ಆದರೆ ಖಡಕ್. ಕಾಯಿಯನ್ನು ತೊಟ್ಟಿನ ಸಮೇತ ತೊಳೆಯಬೇಕು. ತೊಟ್ಟು ಬಿಡಿಸಿದ ಮೇಲೆ ಒಂದು ಹನಿ ನೀರೂ ಸೋಕಬಾರದು. ನಾಲ್ಕನೆಯ ದಿನ ದೇವರ ಮುಂದೆ ಇಡುವತನಕ ಯಾರೂ ನಾಲಗೆಗೆ ಹಚ್ಚಬಾರದು. ಮತ್ತೆ, ಉಪ್ಪು ಹಾಕುವ ಕೈ ಮನೆಗೆ ಒಂದೇ ಇರಬೇಕು. ಅದು ಯಾರದೆಂದು ಹೇಳಬೇಕಿಲ್ಲ.

ಅಳತೆಯಿಲ್ಲ, ರುಚಿ ನೋಡುವಂತಿಲ್ಲ, ಹಾಗಿದ್ದರೆ ಉಪ್ಪು ಸಾಕೋ ಬೇಕೋ ಗೊತ್ತಾಗುವುದು ಹೇಗೆ ಎಂದು ನಾನು ಸೊಸೆಯಾಗಿ ಬಂದ ವರ್ಷವೇ ಕೇಳಿದ್ದೆ. ಒಂದು ಸುತ್ತು ಮಶೀನಿಗೆ ಹಾಕಿದ ಕಾಯಿಗೆ ಉಪ್ಪು ಕಲಸಿ, ಒಂದು ತಾಸು ಬಿಟ್ಟು, ಅತ್ತೆ ಪರಾತದ ಮೇಲೆ ಬಗ್ಗಿ ಮೂಸುತ್ತಿದ್ದರು. ಬೇಕೆನಿಸಿದರೆ ಇನ್ನೊಂದು ಚಿಟಿಕೆ. ವಾಸನೆಯಿಂದಲೇ ತಿಳಿಯುತ್ತದೆ ಎಂದರು. ಆಮೇಲೆ ಎರಡನೆಯ ಸುತ್ತು. ನನಗೆ ಆ ಮಾತು ಬರೀ ದೊಡ್ಡಸ್ತಿಕೆ ಅನ್ನಿಸಿತ್ತು. ಆದರೆ ಇಪ್ಪತ್ತೆರಡು ವರ್ಷ ಒಂದು ಸಲವೂ ತಪ್ಪಲಿಲ್ಲ, ಒಪ್ಪಲೇಬೇಕು. ಕೆಳಗಿನ ಮನೆಯ ಮರಾಠಿ ಕಾಕು ಪ್ರತಿ ವರ್ಷ ಬಟ್ಟಲು ಹಿಡಿದು ಬಂದು, ಇದು ನಿಮ್ಮ ಅತ್ತೆಯ ಕೈ, ನಿನಗೆ ಬರುವುದಲ್ಲ ಎಂದು ನನ್ನೆದುರೇ ಹೇಳಿ ಹೋಗುತ್ತಾರೆ. ಹಿಡಿಕೆ ತಿರುವುವುದಷ್ಟೇ ನನ್ನ ಪಾಲು. ನನ್ನ ಬಲರಟ್ಟೆ ನೋಡಿ ಗಂಡ ಚೇಷ್ಟೆ ಮಾಡುತ್ತಾನೆ. ಮಾಡಲಿ, ತೊಟ್ಟು ಬಿಡಿಸಿ ಸೀನುವುದಷ್ಟೇ ಅವನ ಕೆಲಸ.

ಕಳೆದ ದೀಪಾವಳಿಯಲ್ಲಿ ಅತ್ತೆಗೆ ಜ್ವರ ಬಂದು ಎರಡು ವಾರ ಮಲಗಿದ್ದರು. ಎದ್ದು ಓಡಾಡತೊಡಗಿದ ಮೇಲೆ ನಾವೆಲ್ಲ ಅದನ್ನು ಮರೆತೆವು. ಜನವರಿಯಲ್ಲಿ ಮಾರ್ಕೆಟ್ ಯಾರ್ಡಿನಿಂದ ಐದು ಕಿಲೊ ಹಣ್ಣು ಮೆಣಸಿನಕಾಯಿ ಬಂತು. ಎಲ್ಲವೂ ಎಂದಿನಂತೆ ನಡೆಯಿತು. ಎರಡನೆಯ ಸುತ್ತಿನಲ್ಲಿ ಮಾತ್ರ ಹಿಡಿಕೆ ಕಚ್ಚಿಕೊಂಡು ಕಚ್ಚಿಕೊಂಡು ತಿರುಗಿತು. ಭಾರವಾಗಿದೆ ಎಂದೆ. ಮಶೀನಿಗೆ ಎಣ್ಣೆ ಬಿಡು ಎಂದರು. ಬಿಟ್ಟೆ. ರಟ್ಟೆಗೆ ವಯಸ್ಸಾಯಿತು ಎಂದು ನನ್ನನ್ನೇ ಬೈದುಕೊಂಡು ಮುಗಿಸಿದೆ. ಕುಟ್ಟಾಣಿಯಲ್ಲಿ ಕುಟ್ಟಿದ ಬೆಳ್ಳುಳ್ಳಿ, ಮೆಂತ್ಯ ಸೇರಿಸಿ ಭರಣಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆವು.

ನಾಲ್ಕನೆಯ ದಿನ ಅತ್ತೆ ಸ್ನಾನ ಮುಗಿಸಿ ಬಂದು ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ನಾನು ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಗೇ ಮುಗ್ಗಲು ವಾಸನೆ ಹೊಡೆಯಿತು. ಅತ್ತೆ ಮಾತ್ರ ಕನ್ನಡಕವಿಲ್ಲದ ಮುಖವನ್ನು ಭರಣಿಯ ಬಾಯಿಗೆ ತಂದು ಉಸಿರು ಎಳೆದುಕೊಂಡು, "ಈ ಸಲ ವಾಸನಿ ಭಾಳ ಛಲೋ ಬಂದದ" ಎಂದರು. ನಾನು ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದೆ. ಮೇಲೆಲ್ಲ ಬೆಳ್ಳಗೆ ಬೂಷ್ಟು ಕಟ್ಟಿತ್ತು.

ನನ್ನದು ಮೊದಲೇ ಬೊಂಬಾಯಿ ಬಾಯಿ, ತಡೆದುಕೊಳ್ಳಲಾಗಲಿಲ್ಲ.

"ಅತ್ತ್ಯಾರ, ನಿಮಗ ವಾಸನಿ ಬರ್ತದೇನ್ರಿ?"

ನನ್ನ ಮೂಗಿನ ಉಸಾಬರಿ ನಿನಗೇಕೆ ಎಂದು ಸಿಡುಕಿದರು. ನಾನು ಬಿಡದೆ ಇಂಗಿನ ಡಬ್ಬಿ ತೆರೆದು ಅವರ ಮೂಗಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ಇದೇನು ಹೇಳಿ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹಿರಿಜೀವಕ್ಕೆ ಹಾಗೆ ಪರೀಕ್ಷೆ ಮಾಡಬಾರದಿತ್ತು. ಅವರು ಕಣ್ಣು ಮುಚ್ಚಲಿಲ್ಲ. ಡಬ್ಬಿಯನ್ನು ನೋಡಿಯೇ ಇಂಗು ಎಂದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಆ ಜ್ವರ ಬಿಟ್ಟಾಗಿನಿಂದ ಒಂದು ವಾಸನೆಯೂ ಬರುವುದಿಲ್ಲವಂತೆ, ಚಹಾದ್ದೂ ಇಲ್ಲ, ಊದಿನಕಡ್ಡಿಯದೂ ಇಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂದು ನಾನು ದನಿ ಏರಿಸಿದೆ.

"ಹೇಳಿದ್ರ ನೀ ನನಗ ಉಪ್ಪ ಮುಟ್ಟಗೊಡತಿದ್ದೇನು?"

ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಆ ಉಪ್ಪಿನ ಡಬ್ಬಿಯ ಮೇಲೆ ಕಣ್ಣಿಟ್ಟವಳು ನಾನು. ಒಂದು ದಿನ ಅದು ನನ್ನ ಕೈಗೆ ಬಂದೇ ಬರುತ್ತದೆ, ಆವಾಗ ಕಾಕುವಿಗೆ ತೋರಿಸುತ್ತೇನೆ ಎಂದುಕೊಂಡಿದ್ದೆ. ಬಂದಾಗ ಗೆದ್ದ ಖುಷಿ ಒಂದು ಕ್ಷಣವೂ ಆಗಲಿಲ್ಲ.

ಮುಂದಿನ ಭಾನುವಾರ ಗಂಡ ಹೋಗಿ ಮತ್ತೆ ಮೂರು ಕಿಲೊ ಕಾಯಿ ತಂದ. ಅತ್ತೆ ಅಡುಗೆಮನೆಗೆ ಬರಲಿಲ್ಲ. ಇನ್ನು ಮುಂದೆ ನೀನೇ ಹಾಕು ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಮೊದಲ ಸುತ್ತು ಮುಗಿಸಿ, ಧೈರ್ಯ ಮಾಡಿ ಉಪ್ಪು ಹಾಕಿ ಕಲಸಿ, ಒಂದು ತಾಸು ಬಿಟ್ಟೆ. ಬಗ್ಗಿ ಮೂಸಿದೆ. ನನಗೆ ಮೆಣಸಿನಕಾಯಿಯ ಘಾಟು ಬಿಟ್ಟು ಮತ್ತೇನೂ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಬಂತಷ್ಟೇ. ಏನಾದರಾಗಲಿ ಎಂದು ಹಿಡಿಕೆ ತಿರುವಿದೆ. ಅದು ಮತ್ತೆ ಕಚ್ಚಿಕೊಂಡಿತು, ಆ ದಿನದ ಹಾಗೆಯೇ.

ಕೈ ಅಲ್ಲೇ ನಿಂತಿತು. ಉಪ್ಪು ಸಾಕಷ್ಟು ಬಿದ್ದರೆ ಕಾಯಿ ನೀರು ಬಿಟ್ಟು ಮೆತ್ತಗಾಗುತ್ತದೆ, ಎರಡನೆಯ ಸುತ್ತಿಗೆ ಹಿಡಿಕೆ ಹಗುರಾಗಿ ಓಡುತ್ತದೆ. ಇಪ್ಪತ್ತೆರಡು ವರ್ಷ ಅತ್ತೆಯ ಉಪ್ಪಿಗೆ ಅದು ಹಾಗೆಯೇ ಓಡಿತ್ತು. ಅವರ ಮೂಗಿಗೆ ಗೊತ್ತಾಗುತ್ತಿದ್ದದ್ದು ನನ್ನ ರಟ್ಟೆಗೂ ಗೊತ್ತಿತ್ತು. ಐದು ಕಿಲೊ ಕೆಟ್ಟ ದಿನವೂ ಅದು ಹೇಳಿತ್ತು. ನಾನೇ ಅದರ ಮಾತು ಕೇಳದೆ ಎಣ್ಣೆ ಬಿಟ್ಟಿದ್ದೆ. ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ಕೋಣೆಗೆ ಹೋಗಿ, ಮಶೀನು ಭಾರವಾಗಿದೆ ಎಂದೆ. ಎಣ್ಣೆ ಬಿಡು ಎಂದರು, ತಿರುಗಲೂ ಇಲ್ಲ.

"ಎಣ್ಣಿ ಅಲ್ರಿ, ಉಪ್ಪ ಕಡಿಮಿ ಆಗೇದ. ನೀವ ಬಂದು ಹಾಕ್ರಿ. ನಾ ತಿರುವಿ ಹೇಳತೇನಿ."

ಹಿಡಿಕೆಯ ಕಥೆ ಬಿಡಿಸಿ ಹೇಳಿದೆ. ಎದ್ದು ಬಂದರು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಡಬ್ಬಿಯಿಂದ ಹಿಡಿ ಉಪ್ಪು ತೆಗೆದು ಪರಾತದ ತುಂಬ ಉದುರಿಸಿ ಕಲಸಿದರು. ಕಾದೆವು. ನಾನು ಒಂದು ಹಿಡಿ ಕಾಯಿ ಮಶೀನಿಗೆ ಹಾಕಿ ತಿರುವಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಸಾಕೇನು?"

ಆ ಮಾತನ್ನು ಅವರು ನನ್ನನ್ನು ಎಂದೂ ಕೇಳಿರಲಿಲ್ಲ. ಇನ್ನೊಂದು ಚೂರು ಎಂದೆ. ಹಾಕಿದರು, ಮತ್ತೆ ಕಾದೆವು. ಮೂರನೆಯ ಸಲ ಹಿಡಿಕೆ ಸರಾಗವಾಗಿ ಓಡಿತು. ಅವರೂ ಒಮ್ಮೆ ಹಿಡಿದು ತಿರುವಿ ನೋಡಿ, ಹೂಂ ಎಂದರು.

ನಾಲ್ಕನೆಯ ದಿನ ದೇವರ ಮುಂದೆ ಇಟ್ಟ ಮೇಲೆ ಮೊದಲ ತುತ್ತನ್ನು ನನ್ನ ಅಂಗೈಗೆ ಹಾಕಿ, ನನ್ನ ಮುಖ ನೋಡುತ್ತ ನಿಂತರು. ನಾನು ಬೇಕಂತಲೇ ತಡ ಮಾಡಿದೆ. ಕೊನೆಗೆ ಪಾಪ ಅನ್ನಿಸಿ, ಉಪ್ಪು ಬರೋಬ್ಬರಿ ಇದೆ ಎಂದೆ. ಅದು ನನಗೆ ಗೊತ್ತಿಲ್ಲವೇನು ಎಂದು ಭರಣಿಗೆ ಬಟ್ಟೆ ಕಟ್ಟತೊಡಗಿದರು.

ಸಂಜೆ ಕಾಕು ಬಟ್ಟಲು ಹಿಡಿದು ಬಂದರು. ಅಲ್ಲೇ ಬೆರಳಿಗೆ ಹಚ್ಚಿ ನೆಕ್ಕಿ, ನಿಮ್ಮ ಕೈಯೇ ಕೈ ಎಂದು ಅತ್ತೆಯನ್ನು ಹೊಗಳಿದರು. ಅತ್ತೆ ಬಟ್ಟಲಿಗೆ ಇನ್ನೊಂದು ಚಮಚ ಹಾಕುತ್ತ, ನನ್ನ ಕಡೆ ನೋಡದೆ ಮರಾಠಿಯಲ್ಲಿ ಹೇಳಿದರು: ಉಪ್ಪು ಹಾಕಿದ್ದು ನಾನು, ಸಾಕು ಅಂದವಳು ನನ್ನ ಸೊಸೆ.