ಫಿಂಟನ್ ರೋಷರ ಭರಣಿ

೨೦೨೦ರ ಏಪ್ರಿಲ್‌ನ ಒಂದು ಮಧ್ಯಾಹ್ನ. ಐರ್ಲೆಂಡಿನ ಕ್ಲಾಂಡಾಲ್ಕಿನ್‌ನಲ್ಲಿ ಪಕ್ಕದ ಮನೆಯ ಬಾಗಿಲಿಗೆ ಹೋದ ವಿನೋದಿನಿ ಅನ್ನ, ತಿಳಿಸಾರು, ನಿಂಬೆ ಉಪ್ಪಿನಕಾಯಿಯ ಸ್ಟೀಲ್ ಡಬ್ಬಿ ಇಟ್ಟು, ಬೆಲ್ ಒತ್ತಿ, ಆರು ಹೆಜ್ಜೆ ಹಿಂದೆ ಸರಿದು ನಿಂತಳು. ಬಾಗಿಲು ತೆರೆದವರು ಎಂಬತ್ತರ ಫಿಂಟನ್ ರೋಷ್. ಕೊರೊನಾದಿಂದ ಮೂರು ವಾರ ಆಸ್ಪತ್ರೆಯಲ್ಲಿದ್ದು ಹಿಂದಿನ ದಿನವಷ್ಟೇ ಮರಳಿದ್ದರು. ಹಸಿರು ಸ್ವೆಟರ್ ಮೈಮೇಲೆ ಜೋತಾಡುತ್ತಿತ್ತು. ಚೆನ್ನಾಗಿದ್ದೇನೆ ಎನ್ನಲು ಅಲ್ಲಿಯವರು ಹೇಳುವ "ಗ್ರ್ಯಾಂಡ್" ಎಂಬ ಒಂದು ಮಾತಿಗೆ ಬಾಗಿಲು ಹಿಡಿದು ಎರಡು ಸಲ ಉಸಿರೆಳೆದುಕೊಂಡರು.

ವಾರದ ನಂತರ ತೊಳೆದ ಡಬ್ಬಿ ನಡುಗೋಡೆಯ ಮೇಲಿತ್ತು. ಪಕ್ಕದಲ್ಲಿ ಕಂದು ಬಣ್ಣದ, ಕಿರಿಬಾಯಿಯ ಭರಣಿ. ಪಾಪ, ಉಪ್ಪಿನಕಾಯಿ ರುಚಿಸಿದೆ, ಕೇಳಲು ಸಂಕೋಚ ಎಂದುಕೊಂಡಳು. ನೆರೆಮನೆಯ ಪಾತ್ರೆಯನ್ನು ಖಾಲಿ ಕಳಿಸಿ ಅವಳ ಮೈಸೂರಿನ ಮನೆಯಲ್ಲಿ ಗೊತ್ತಿಲ್ಲ. ಚಮಚದ ಹಿಡಿಯಿಂದ ಒಂದೊಂದೇ ಹೋಳು ತುರುಕಿ, ಕುತ್ತಿಗೆಯವರೆಗೆ ತುಂಬಿ ಇಟ್ಟಳು.

ಗೋಡೆಯಾಚೆ ಫಿಂಟನ್ ನಕ್ಕು ನಕ್ಕು ಕೆಮ್ಮಿದರು. ಅದು ಅವರ ವಾದ್ಯ! ೧೯೬೩ರಲ್ಲಿ ಐವರು ಗೆಳೆಯರು ಬ್ಯಾಂಜೊ, ಬಟ್ಟೆ ಉಜ್ಜುವ ಹಲಗೆ, ಭರಣಿ ಹಿಡಿದು ಪಬ್‌ಗಳಲ್ಲಿ ನುಡಿಸುತ್ತಿದ್ದರು. ಭರಣಿಯ ಬಾಯಿಗೆ ತುಟಿ ತಾಗಿಸದೆ ಊದಿ, ಹಾಡಿಗೆಲ್ಲ ತಳಸ್ವರ ಕೊಟ್ಟವರು ಫಿಂಟನ್. ರೆಕಾರ್ಡ್ ಬಂದಾಗ ಕವರಿನ ಮೇಲೆ ನಾಲ್ಕೇ ಹೆಸರು. ಭರಣಿ ಊದುವುದೂ ಒಂದು ಸಂಗೀತವೇ ಎಂದು ರೆಕಾರ್ಡ್ ಕಂಪನಿಯವರು ಮೂಗು ಮುರಿದಿದ್ದರಂತೆ.

"ಇನ್ನು ಊದೋಕೆ ಉಸಿರಿಲ್ಲಮ್ಮ. ಬೇಕಾದವರು ಒಯ್ಯಲಿ ಅಂತ ಹೊರಗಿಟ್ಟೆ."

ವಿಷಯ ಕೇಳಿದ ಗಂಡ ಸಂಪತ್, "ಪಿಟೀಲಿಗೆ ಒಗ್ಗರಣೆ ಹಾಕ್ದಂಗಾಯ್ತಲ್ಲೇ!" ಎಂದ.

"ನಗ್ಬೇಡ ನೀನು. ಬಿಸಿನೀರು ಕಾಯ್ಸು, ಹೋಗು."

ಮೂರು ದಿನ ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ. ಹಿಂದಿರುಗಿಸುವಾಗ ವಿನೋದಿನಿ, "ಒಂದ್ಸಲ ಊದಿಬಿಡಿ, ನಾನು ಹಾಳು ಮಾಡಿಲ್ಲ ಅಂತ ಗೊತ್ತಾಗ್ಲಿ" ಎಂದಳು. ಅವಳ ಸಮಾಧಾನಕ್ಕೆಂದು ಊದಿದರು. ಬರಿಯ ಗಾಳಿ. ಮತ್ತೂ ಗಾಳಿಯೇ. ಮೂರನೆಯ ಸಲ ಬಾವಿಯ ತಳದಿಂದೆದ್ದ ಹಾಗೆ ಒಂದು ದನಿ ಬಂತು. ಫಿಂಟನ್ ಭರಣಿಯನ್ನೇ ನೋಡುತ್ತ ನಿಂತರು.

ಆಮೇಲೆ ದಿನಾ ನಾಲ್ಕು ಗಂಟೆಗೆ ಹಿತ್ತಲಲ್ಲಿ ಊದತೊಡಗಿದರು. ಒಂದು ಸ್ವರಕ್ಕೇ ತಲೆಸುತ್ತಿ ಕುರ್ಚಿಗೆ ಕುಸಿದ ದಿನಗಳಿದ್ದವು. ಮರುದಿನ ನಾಲ್ಕಕ್ಕೆ ಮತ್ತೆ ಹಾಜರು. ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ ವಿನೋದಿನಿ ಕಿಟಕಿಯಲ್ಲಿ ಕೇಳುವಳು. ಆಗಸ್ಟ್‌ನಲ್ಲಿ ಒಂದು ಇಡೀ ಹಾಡು ಮುಗಿಸಿದರು. ಅಂದು ಅವಳು ಉಪ್ಪಿನಕಾಯಿ ಬಾಟಲಿಗೆ ಅಂಟಿಸುವ ಚೀಟಿಯಲ್ಲಿ 'ಭರಣಿ: ಫಿಂಟನ್ ರೋಷ್, ೧೯೬೩' ಎಂದು ಅವರು ಓದುವ ಇಂಗ್ಲಿಷಿನಲ್ಲೇ ಬರೆದು, ಅವರು ತಂದು ತೋರಿಸಿದ ಹಳೆಯ ರೆಕಾರ್ಡಿನ ಕವರಿನ ಮೇಲೆ ನಾಲ್ಕು ಹೆಸರುಗಳ ಕೆಳಗೆ ಅಂಟಿಸಿದಳು.

ಈಗ ಫಿಂಟನ್ ಪ್ರತಿ ಬುಧವಾರ, ಕೊರೊನಾದಿಂದ ಚೇತರಿಸಿಕೊಳ್ಳುತ್ತಿರುವ ಆರು ಜನರಿಗೆ ಜೂಮ್‌ನಲ್ಲಿ ಭರಣಿ ಊದುವುದನ್ನು ಕಲಿಸುತ್ತಾರೆ.