ಗೋದಲಿಗೆ ಹಾಕಿದ ಸುಳ್ಳು ಹುಲ್ಲು

ಇವತ್ತು ಮೆಣಸಿನಕಾಯಿ ತೊಟ್ಟು ಮುರಿಯುವಾಗ ಬಂದ ಘಾಟಿಗೆ ಬ್ಯಾಡಗಿಯ ನಮ್ಮ ಮನೆ ನೆನಪಾಯಿತು. ಅವ್ವ ದಿನವಿಡೀ ಇದೇ ಕೆಲಸಕ್ಕೆ ಕೂಲಿ ಹೋಗುತ್ತಿದ್ದಳು. ಸಂಜೆ ಅವಳ ಅಂಗೈ ಧಗಧಗ ಉರಿಯುತ್ತಿತ್ತು.

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ನಮ್ಮ ಮನೆಯ ಗೋದಲಿ, ಅಂದರೆ ಯೇಸು ಹುಟ್ಟಿದಾಗ ಮಲಗಿಸಿದ ಮೇವಿನ ತೊಟ್ಟಿಯ ಪುಟ್ಟ ಮಾದರಿ, ಖಾಲಿ ಇರುತ್ತಿತ್ತು. ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಎಳೆ ಹುಲ್ಲು ಹಾಕಬೇಕು. ಬರಲಿರುವ ಬಾಲಯೇಸುವಿಗೆ ಅದೇ ಹಾಸಿಗೆ. ಅವ್ವನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ನನಗೊಂದು ಎಳೆ.

ಒಂದು ಸಂಜೆ ಹಚ್ಚಲಿಲ್ಲ. ಹಚ್ಚಿದರೆ ನನ್ನ ಕೈಯೂ ಉರಿಯುತ್ತದೆಂದು ಸಿಟ್ಟು. ಆದರೂ ಹುಲ್ಲು ಹಾಕಿದೆ. ಅವ್ವ ನೋಡಿಬಿಟ್ಟಳು.

“ಸುಳ್ಳು ಹುಲ್ಲು ಕೂಸಿಗೆ ಚುಚ್ಚತೈತಿ, ತಗೀ.”

“ನಾಳಿ ಹಚ್ಚತೇನಿ ಬಿಡಬೇ,” ಎಂದೆ.

ಮರುದಿನ ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದಳಂತೆ. ಮನೆಗೆ ತಂದಾಗ ಅಂಗೈ ತಣ್ಣಗಿತ್ತು. ನಾನು ಎಣ್ಣೆ ಹಚ್ಚಿದೆ. ಯಾರೂ ಬೇಡವೆನ್ನಲಿಲ್ಲ.

ಕ್ರಿಸ್‌ಮಸ್ ದಿನ ಅಪ್ಪ ಬಾಲಯೇಸುವಿನ ಗೊಂಬೆಯನ್ನು ಮಲಗಿಸುವ ಮೊದಲು, ಆ ಒಂದು ಎಳೆಯನ್ನು ತೆಗೆಯಲು ಗೋದಲಿಯಲ್ಲಿ ಹುಡುಕಿದೆ. ಎಲ್ಲ ಎಳೆಗಳೂ ಒಂದೇ ಥರ ಇದ್ದವು.

ಈಗ ನನ್ನ ಅಂಗೈ ಉರಿಯುತ್ತಿದೆ. ಎಣ್ಣೆ ಬಾಟಲಿ ಪಕ್ಕದಲ್ಲೇ ಇದೆ, ಹಚ್ಚಿಕೊಂಡಿಲ್ಲ.